ಎರಡು ದೇಶಗಳ ಕಾರ್ಖಾನೆ ಮೀಥೇನ್ ಹೋಲಿಸುವ ಸೇವೆ: ಗೆರೆ ಚೆನ್ನಾಗಿದೆ, ತೀರ್ಪನ್ನು ಮಾತ್ರ ನಂಬಬೇಡಿ

ಎರಡು ದೇಶಗಳ ಹೆಸರು ಆರಿಸಿ, 'ಕೈಗಾರಿಕೆಗಳಲ್ಲಿ ಇಂಧನ ಸುಡುವುದರಿಂದ ಬರುವ ಮೀಥೇನ್' ಎಂಬ ಸಾಲಿಗೆ ಟಿಕ್ ಹಾಕಿದರೆ ಸಾಕು. 1970ರಿಂದ ಈಚಿನವರೆಗೆ ಎರಡು ಬಣ್ಣದ ಗೆರೆಗಳು ಪರದೆಯ ಮೇಲೆ ಬಂದು ನಿಲ್ಲುತ್ತವೆ. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ವಾಕ್ಯ: ಈ ದೇಶ ಆ ದೇಶಕ್ಕಿಂತ ಇಷ್ಟು ಪಟ್ಟು ಜಾಸ್ತಿ. ಪಕ್ಕದಲ್ಲಿ ಹಸಿರು ಅಥವಾ ಕೆಂಪು ಬಾಣ. ಇಂಥ ಉಚಿತ ಸೇವೆಗಳು ಈಗ ಹಲವಾರಿವೆ. ನಾನು ಬಳಸುತ್ತಿರುವುದರ ಹೆಸರು ಹೇಳುವುದಿಲ್ಲ. ಇಲ್ಲಿನ ಮೆಚ್ಚುಗೆ ಮತ್ತು ತಕರಾರು ಎರಡೂ ಹೆಚ್ಚುಕಡಿಮೆ ಎಲ್ಲದಕ್ಕೂ ಸಲ್ಲುತ್ತವೆ, ಯಾಕೆಂದರೆ ಅಂಕಿ ಬರುವುದು ಬಹುತೇಕ ಒಂದೇ ಕಡೆಯಿಂದ.

ಮೊದಲೇ ಹೇಳಿಬಿಡುತ್ತೇನೆ, ಐದರಲ್ಲಿ ಮೂರು ಸ್ಟಾರ್. ಗೆರೆ ಎಳೆಯುವ ಕೆಲಸಕ್ಕೆ ನಾಲ್ಕೂವರೆ ಕೊಡಬಹುದಿತ್ತು. ಕೆಳಗಿನ ಆ ದಪ್ಪ ಅಕ್ಷರದ ತೀರ್ಪಿಗೆ ಅರ್ಧವನ್ನೂ ಕೊಡುವುದಿಲ್ಲ. ಎರಡನ್ನೂ ತೂಗಿ ನೋಡಿ, ಗೆರೆಗೆ ಸ್ವಲ್ಪ ಹೆಚ್ಚು ತೂಕ ಕೊಟ್ಟು ಮೂರು ಹಾಕಿದೆ ಅಂದುಕೊಳ್ಳಿ.

ಆ 'ಒಂದೇ ಕಡೆ' ಅಂದರೆ ಇಡ್ಗರ್. ಯುರೋಪಿಯನ್ ಕಮಿಷನ್ನಿನ ಜಾಯಿಂಟ್ ರಿಸರ್ಚ್ ಸೆಂಟರ್ ನಡೆಸುವ ದತ್ತಾಂಶ ಕೋಶ ಇದು. ಪ್ರಪಂಚದ ಎಲ್ಲ ದೇಶಗಳಿಗೂ 1970ರಿಂದ ಒಂದೇ ರೀತಿಯಲ್ಲಿ ಲೆಕ್ಕ ಹಾಕುತ್ತಾರೆ. ವಿಶ್ವ ಬ್ಯಾಂಕ್ ಕೂಡ ತನ್ನ ಸೂಚ್ಯಂಕಗಳ ಪಟ್ಟಿಯಲ್ಲಿ ಈಗ ಇದೇ ಅಂಕಿಗಳನ್ನು ಕೊಡುತ್ತದೆ, ಅದರಲ್ಲಿ 'ಕೈಗಾರಿಕಾ ದಹನದ ಮೀಥೇನ್' ಅಂತ ಪ್ರತ್ಯೇಕ ಸಾಲೇ ಇದೆ. ಹೋಲಿಕೆ ಸೇವೆಗಳು ಮಾಡುವುದು ಇಷ್ಟೇ: ಆ ಸಾಲು ತಂದು, ಬಣ್ಣ ಹಚ್ಚಿ, ಎರಡೆರಡು ದೇಶಗಳ ಜೋಡಿ ಮಾಡಿ ನಮ್ಮ ಮುಂದಿಡುವುದು. ಅದನ್ನು ಸುಮ್ನೆ ತೆಗೆದುಹಾಕುವ ಹಾಗಿಲ್ಲ. ಮೂಲ ಎಕ್ಸೆಲ್ ಹಾಳೆ ತೆರೆದು ನೋಡಿದವರಿಗೆ ಗೊತ್ತು, ನೂರಾರು ಸಾಲು, ವರ್ಷಕ್ಕೊಂದು ಕಾಲಮ್, ಕಣ್ಣು ಮಂಜಾಗುತ್ತದೆ.

ಇದೇ ಕೆಲಸವನ್ನು ಸರ್ಕಾರಿ ವರದಿಗಳಿಂದ ಮಾಡಲು ಹೊರಟರೆ ಏನಾಗುತ್ತದೆ ನೋಡಿ. ನಾನು ಹೆಚ್ಚಾಗಿ ಪಕ್ಕಪಕ್ಕ ಇಟ್ಟು ನೋಡುವ ಜೋಡಿ ಜರ್ಮನಿ ಮತ್ತು ಬ್ರೆಜಿಲ್. ಎರಡೂ ದೊಡ್ಡ ಕೈಗಾರಿಕಾ ದೇಶಗಳು, ಎರಡೂ 2021ರ ಗ್ಲಾಸ್ಗೋ ಸಮ್ಮೇಳನದಲ್ಲಿ ಶುರುವಾದ ಜಾಗತಿಕ ಮೀಥೇನ್ ಪ್ರತಿಜ್ಞೆಗೆ ಸಹಿ ಹಾಕಿವೆ. ಒಟ್ಟು ಮೀಥೇನನ್ನು 2020ರ ಮಟ್ಟದಿಂದ 2030ರೊಳಗೆ ಶೇ. 30ರಷ್ಟು ಇಳಿಸಲು ಎಲ್ಲರೂ ಸೇರಿ ಪ್ರಯತ್ನಿಸುವುದು ಆ ಪ್ರತಿಜ್ಞೆ. ಆದರೆ ಕಾರ್ಖಾನೆಗಳು ಸುಡುವುದು ಮಾತ್ರ ಪೂರ್ತಿ ಬೇರೆ ಬೇರೆ. ಜರ್ಮನಿ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದ ಮೊದಲ ಪಟ್ಟಿಯ, ಅಂದರೆ ಮುಂದುವರಿದ ದೇಶಗಳ ಪಟ್ಟಿಯ ದೇಶ, ಹಾಗಾಗಿ ಪ್ರತಿ ವರ್ಷ 1990ರಿಂದ ಹಿಡಿದು ತಾನು ಬಿಟ್ಟ ಅನಿಲಗಳ ಪೂರ್ತಿ ಲೆಕ್ಕ ಸಲ್ಲಿಸುತ್ತದೆ, ಇಂಧನವಾರು, ಉದ್ಯಮವಾರು. ಬ್ರೆಜಿಲ್ ಆ ಪಟ್ಟಿಯಲ್ಲಿಲ್ಲ. ಅದರ ರಾಷ್ಟ್ರೀಯ ವರದಿಗಳು ಬಂದಿದ್ದು 2004, 2010, 2016 ಮತ್ತು 2020ರಲ್ಲಿ, ನಡುವೆ ಎರಡು ವರ್ಷಕ್ಕೊಮ್ಮೆಯ ಸಣ್ಣ ವರದಿಗಳು. ವರದಿಯಿಂದ ವರದಿಗೆ ವಿಧಾನ ಸುಧಾರಿಸುತ್ತಾ ಹೋಗಿದೆ, ಒಳ್ಳೆಯದೇ, ಆದರೆ ಹಳೆಯ ವರದಿಯ ಅಂಕಿಯನ್ನು ಹೊಸದರ ಪಕ್ಕ ಹಾಕಿ ಗೆರೆ ಎಳೆಯುವ ಹಾಗಿಲ್ಲ. ಪ್ಯಾರಿಸ್ ಒಪ್ಪಂದದ ಕೆಳಗೆ ಎಲ್ಲರಿಗೂ ಒಂದೇ ನಮೂನೆ ಬಂದಿದ್ದು ಈಚೆಗೆ, ಮೊದಲ ವರದಿಗೆ ಕೊನೆಯ ದಿನ 2024ರ ಡಿಸೆಂಬರ್ 31 ಆಗಿತ್ತು. ಇಷ್ಟೆಲ್ಲ ತೊಡಕಿರುವಾಗ ಒಂದು ಗುಂಡಿ ಒತ್ತಿ ಐವತ್ತು ವರ್ಷ ಕಾಣಿಸುವುದು ನಿಜಕ್ಕೂ ದೊಡ್ಡ ಉಪಕಾರ. ನಾಲ್ಕೂವರೆ ಸ್ಟಾರ್ ಅಂದಿದ್ದು ಇದಕ್ಕೇ.

ಈಗ ತಕರಾರಿಗೆ ಬರೋಣ.

ಈ ಗೆರೆ ನೋಡಿದವರಿಗೆ ಮೊದಲು ಅನಿಸುವುದು, ಯಾರೋ ಚಿಮಣಿಗಳ ಬಾಯಿಗೆ ಯಂತ್ರ ಹಿಡಿದು ಮೀಥೇನ್ ಅಳೆದಿದ್ದಾರೆ ಅಂತ. ಹಾಗೇನೂ ಇಲ್ಲ. ದೇಶದ ಕಾರ್ಖಾನೆಗಳು ಆ ವರ್ಷ ಎಷ್ಟು ಕಲ್ಲಿದ್ದಲು, ಎಷ್ಟು ಗ್ಯಾಸ್, ಎಷ್ಟು ಎಣ್ಣೆ, ಎಷ್ಟು ಸೌದೆ ಸುಟ್ಟವು ಎಂಬ ಇಂಧನ ಲೆಕ್ಕ ಇರುತ್ತದೆ. ಅದನ್ನು ಒಂದು ಗುಣಾಂಕದಿಂದ ಗುಣಿಸುತ್ತಾರೆ. ಮುಗಿಯಿತು. ಅಂದರೆ ನೀವು ನೋಡುತ್ತಿರುವುದು ಮೀಥೇನ್ ಗೆರೆಯಲ್ಲ, ಮೀಥೇನಿನ ಬಟ್ಟೆ ತೊಟ್ಟ ಇಂಧನ ಗೆರೆ.

ಗುಣಾಂಕಗಳು ಎಲ್ಲಿಂದ ಬರುತ್ತವೆ ಅಂದರೆ, ಐಪಿಸಿಸಿಯ, ಅಂದರೆ ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯ, 2006ರ ಮಾರ್ಗಸೂಚಿಯ ಎರಡನೇ ಸಂಪುಟ. ಅದರಲ್ಲಿ ಉತ್ಪಾದನಾ ಉದ್ಯಮ ಮತ್ತು ನಿರ್ಮಾಣಕ್ಕೆ, ಅಂದರೆ 1ಎ2 ಎಂಬ ವರ್ಗಕ್ಕೆ, ಒಂದು ಕೋಷ್ಟಕ ಇದೆ. ಒಂದು ಟೆರಾಜೂಲ್ ಶಕ್ತಿಗೆ ನೈಸರ್ಗಿಕ ಅನಿಲವಾದರೆ 1 ಕಿಲೋ ಮೀಥೇನ್. ಪೆಟ್ರೋಲಿಯಂ ಎಣ್ಣೆಗಳಾದರೆ 3 ಕಿಲೋ. ಕಲ್ಲಿದ್ದಲಾದರೆ 10. ಸೌದೆ, ಮರದ ತ್ಯಾಜ್ಯ, ಕಬ್ಬಿನ ಸಿಪ್ಪೆಯಂಥವಕ್ಕೆ 30. ಇದ್ದಿಲಿಗೆ 200. ಈ ಐದು ಅಂಕಿ ಬಾಯಿಪಾಠ ಮಾಡಿಕೊಂಡರೆ ಈ ಸಾಲಿನ ಯಾವ ಗ್ರಾಫನ್ನಾದರೂ ಅರ್ಧದಷ್ಟು ಓದಬಹುದು, ದೇಶದ ಹೆಸರು ಮುಚ್ಚಿಟ್ಟರೂ ಪರವಾಗಿಲ್ಲ.

ಯಾಕೆ ಇಷ್ಟು ವ್ಯತ್ಯಾಸ? ಇಂಗಾಲದ ಡೈಆಕ್ಸೈಡ್ ಲೆಕ್ಕ ಸುಲಭ, ಇಂಧನದಲ್ಲಿ ಎಷ್ಟು ಇಂಗಾಲ ಇದೆಯೋ ಹೆಚ್ಚುಕಡಿಮೆ ಅಷ್ಟೂ ಹೊರಗೆ ಬರುತ್ತದೆ, ಬಾಯ್ಲರ್ ಹೊಸದಿರಲಿ ಹಳೆಯದಿರಲಿ. ಮೀಥೇನ್ ಹಾಗಲ್ಲ. ಅದು ಅರೆಬೆಂದ ಉರಿಯಿಂದ ಬರುವುದು. ಗಾಳಿ ಸಾಲದಿದ್ದರೆ, ಒಲೆಯ ಉಷ್ಣತೆ ಇಳಿದರೆ, ಜ್ವಾಲೆ ಬೇಗ ತಣ್ಣಗಾದರೆ, ಇಂಧನ ತೇವವಿದ್ದರೆ, ಸ್ವಲ್ಪ ಭಾಗ ಪೂರ್ತಿ ಸುಡದೆ ಮೀಥೇನಾಗಿಯೇ ಚಿಮಣಿ ಸೇರುತ್ತದೆ. ಗಾಣದಿಂದ ಹೊರಬರುವ ಕಬ್ಬಿನ ಸಿಪ್ಪೆಯಲ್ಲಿ ಹತ್ತಿರಹತ್ತಿರ ಅರ್ಧ ತೂಕ ನೀರೇ. ಗ್ಯಾಸ್ ಬರ್ನರಿನಲ್ಲಿ ಆ ರಗಳೆ ಇಲ್ಲ. ಹಾಗಾಗಿ 1 ಮತ್ತು 30ರ ಅಂತರಕ್ಕೆ ಅರ್ಥ ಇದೆ. ಆದರೆ ಒಂದೇ ಇಂಧನದೊಳಗೂ ಚೆನ್ನಾಗಿ ನೋಡಿಕೊಂಡ ಬಾಯ್ಲರಿಗೂ ಹಾಳುಬಿದ್ದ ಬಾಯ್ಲರಿಗೂ ಅಜಗಜಾಂತರ ಇರುತ್ತದೆ ಅಲ್ವಾ? ಆ ಅಂತರ ಈ ಕೋಷ್ಟಕದಲ್ಲಿ ಇಲ್ಲ. ಅದು ಬೇಕಾದರೆ ದೇಶವೇ ತನ್ನ ಬಾಯ್ಲರುಗಳನ್ನು ಅಳೆದು ಸ್ವಂತ ಗುಣಾಂಕ ಮಾಡಿಕೊಳ್ಳಬೇಕು. ಮಾರ್ಗಸೂಚಿಯಲ್ಲಿ ಅದಕ್ಕೆ ಟಿಯರ್ 2, ಟಿಯರ್ 3 ಅಂತ ಮೆಟ್ಟಿಲುಗಳಿವೆ. ಕೋಷ್ಟಕದ ಅಂಕಿಯನ್ನು ಹಾಗೇ ಎತ್ತಿಕೊಳ್ಳುವುದು ಟಿಯರ್ 1.

ಇದರ ಪರಿಣಾಮ ವಿಚಿತ್ರ. ಒಂದು ದೇಶ ಕೋಟಿಗಟ್ಟಲೆ ಸುರಿದು ತನ್ನ ಹಳೆಯ ಸೌದೆ ಬಾಯ್ಲರುಗಳನ್ನೆಲ್ಲ ತೆಗೆದು ಒಳ್ಳೆಯವನ್ನು ಹಾಕಿತು ಅಂತಿಟ್ಟುಕೊಳ್ಳಿ. ನಿಜವಾದ ಮೀಥೇನ್ ಇಳಿಯುತ್ತದೆ. ಟಿಯರ್ 1 ಗೆರೆಯಲ್ಲಿ ಕಾಣುವುದು ಸೌದೆ ಉಳಿತಾಯ ಎಷ್ಟೋ ಅಷ್ಟು ಮಾತ್ರ, ಉರಿ ಸುಧಾರಿಸಿದ್ದಕ್ಕೆ ಒಂದು ಅಂಕವೂ ಇಲ್ಲ. ಅದೇ ಇನ್ನೊಂದು ದೇಶ ಏನೂ ರಿಪೇರಿ ಮಾಡದೆ ಕಲ್ಲಿದ್ದಲು ಬಿಟ್ಟು ಗ್ಯಾಸ್ ಪೈಪು ಹಾಕಿಸಿಕೊಂಡರೆ ಗೆರೆ ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ, ಹಸಿರು ಬಾಣವೂ ಸಿಗುತ್ತದೆ. ಆ ಗ್ಯಾಸ್ ಬಾವಿಯಿಂದ ಕಾರ್ಖಾನೆಗೆ ಬರುವ ದಾರಿಯಲ್ಲಿ ಎಷ್ಟು ಸೋರಿತು ಅಂತ ಕೇಳಬೇಡಿ. ಅದು ಬೇರೆ ಸಾಲು, 1ಬಿ, ಈ ಗ್ರಾಫಿನಲ್ಲಿ ಬರುವುದಿಲ್ಲ. ಕೆಲವೊಮ್ಮೆ ಅದು ಬೇರೆ ದೇಶದ ಖಾತೆಯೇ.

ಜರ್ಮನಿ–ಬ್ರೆಜಿಲ್ ಜೋಡಿ ನನಗೆ ಇಷ್ಟ ಯಾಕೆಂದರೆ ಈ ಎಲ್ಲ ತಮಾಷೆಯೂ ಅಲ್ಲೇ ಸಿಗುತ್ತದೆ. ಸೇವೆಯ ತೀರ್ಪು ಓದಿದರೆ ಬ್ರೆಜಿಲ್ ಕೆಟ್ಟದು, ಜರ್ಮನಿ ಒಳ್ಳೆಯದು. ಬ್ರೆಜಿಲ್ ಗೆರೆ ಮೇಲಿದೆ, ನಿಜ. ಆದರೆ ಅದು ಮೇಲಿರುವುದು ಯಾಕೆ? ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಸುಡುತ್ತವೆ. ಕಾಗದದ ಕಾರ್ಖಾನೆಗಳು ಮರದ ತೊಗಟೆ, ಹೊಟ್ಟು ಸುಡುತ್ತವೆ. ಮಿನಾಸ್ ಜೆರಾಯಿಸ್ ರಾಜ್ಯದಲ್ಲಿ ನೀಲಗಿರಿ ತೋಪುಗಳಿಂದ ಇದ್ದಿಲು ಮಾಡಿ ಅದರಲ್ಲೇ ಬೀಡುಕಬ್ಬಿಣ ತೆಗೆಯುವ ಉದ್ಯಮ ದೊಡ್ಡದಾಗಿ ಇದೆ, ಪ್ರಪಂಚದಲ್ಲಿ ಬೇರೆಲ್ಲೂ ಈ ಪ್ರಮಾಣದಲ್ಲಿ ಇಲ್ಲ. ಗುಣಾಂಕ 30 ಇರುವ, 200 ಇರುವ ಇಂಧನಗಳು ಇವೇ ನೋಡಿ.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಪೆಟಾಜೂಲ್ ಶಾಖ ಬೇಕು, ಅಂದರೆ ಸಾವಿರ ಟೆರಾಜೂಲ್. ಗ್ಯಾಸಿನಲ್ಲಿ ಪಡೆದರೆ ಕೋಷ್ಟಕದ ಪ್ರಕಾರ 1 ಟನ್ ಮೀಥೇನ್. ಒಂದು ಟನ್ ಮೀಥೇನ್ ಭೂಮಿಯನ್ನು ಬಿಸಿ ಮಾಡುವುದರಲ್ಲಿ 28 ಟನ್ ಡೈಆಕ್ಸೈಡಿಗೆ ಸಮ ಅಂತ ಈಗಿನ ಲೆಕ್ಕ (ಇದರ ಬಗ್ಗೆ ಮುಂದೆ ಹೇಳುತ್ತೇನೆ), ಹಾಗಾಗಿ 28ರಿಂದ ಗುಣಿಸಿದರೆ 28 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಸೌದೆಯಲ್ಲಿ ಪಡೆದರೆ 30 ಟನ್ ಮೀಥೇನ್, 840 ಟನ್ನಿಗೆ ಸಮ. ಅಯ್ಯೋ, ಮೂವತ್ತು ಪಟ್ಟು! ಆದರೆ ಅದೇ ಒಂದು ಪೆಟಾಜೂಲ್ ಗ್ಯಾಸ್ ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡ್ ಸುಮಾರು 56,000 ಟನ್. ಕಲ್ಲಿದ್ದಲಾದರೆ ಸುಮಾರು 95,000 ಟನ್. ಸೌದೆ, ಕಬ್ಬಿನ ಸಿಪ್ಪೆಗಳ ಡೈಆಕ್ಸೈಡನ್ನು ಇಂಧನ ವಲಯದ ಒಟ್ಟು ಮೊತ್ತಕ್ಕೆ ಸೇರಿಸುವುದೇ ಇಲ್ಲ, ಅದರ ಲೆಕ್ಕ ಭೂಬಳಕೆ ವಲಯದಲ್ಲಿ ಆಗುತ್ತದೆ, ಇಲ್ಲಿ ಬರೀ ಟಿಪ್ಪಣಿಯಾಗಿ ಬರೆಯುತ್ತಾರೆ. ಅದರ ಮೀಥೇನ್ ಮಾತ್ರ ಒಟ್ಟು ಮೊತ್ತಕ್ಕೆ ಸೇರುತ್ತದೆ. ಹಾಗಾಗಿ ಗ್ಯಾಸಿನ 28 ಟನ್ ನೋಡಿ ಭೇಷ್ ಅಂದವರು ಅದರ ಬೆನ್ನಿಗಿರುವ 56,000 ಟನ್ ನೋಡಿರುವುದಿಲ್ಲ. ಮೀಥೇನ್ ಸಾಲನ್ನು ಒಂದೇ ಒಂದಾಗಿ ತೋರಿಸಿ ಎರಡು ದೇಶಗಳಿಗೆ ಸರ್ಟಿಫಿಕೇಟ್ ಕೊಡುವುದರಲ್ಲಿ ಇರುವ ಮೋಸ ಇದು. ಉದ್ದೇಶಪೂರ್ವಕ ಅಂತ ನಾನು ಹೇಳುತ್ತಿಲ್ಲ, ಆದರೆ ಫಲಿತಾಂಶ ಅದೇ. ಜೈವಿಕ ಇಂಧನದ ಡೈಆಕ್ಸೈಡನ್ನು ಸೊನ್ನೆಯಂತೆ ಕಾಣುವುದು ಸರಿಯೇ ಎಂಬ ಜಗಳ ಬೇರೆ ಇದೆ, ಅದಕ್ಕೆ ಇಲ್ಲಿ ಕೈ ಹಾಕುವುದಿಲ್ಲ.

ಏರಿಳಿತಗಳನ್ನು ಓದುವಾಗಲೂ ಇಂಧನದ ಕಥೆಯನ್ನೇ ಹುಡುಕಬೇಕು. 1975ರಲ್ಲಿ ಬ್ರೆಜಿಲ್ ಸರ್ಕಾರ ಪ್ರೋಆಲ್ಕೂಲ್ ಯೋಜನೆ ತಂದಿತು, ಎರಡು ವರ್ಷ ಹಿಂದಿನ ತೈಲ ಬಿಕ್ಕಟ್ಟಿನ ಪೆಟ್ಟಿಗೆ ಉತ್ತರವಾಗಿ. ಕಬ್ಬು ಹೆಚ್ಚಾಯಿತು, ಅರೆದ ಮೇಲೆ ಉಳಿದ ಸಿಪ್ಪೆಯೂ ಹೆಚ್ಚಾಯಿತು. 2003ರಲ್ಲಿ ಎಥನಾಲ್, ಪೆಟ್ರೋಲ್ ಎರಡರಲ್ಲೂ ಓಡುವ ಕಾರುಗಳು ಬಂದ ಮೇಲೆ ಮತ್ತೊಂದು ಜಿಗಿತ. 2021ರಲ್ಲಿ ಬರ, ಆಮೇಲೆ ಕೊರೆಯುವ ಚಳಿಗೆ ಇಬ್ಬನಿ ಹೆಪ್ಪುಗಟ್ಟಿ ಅಲ್ಲಿನ ಕಬ್ಬಿನ ಬೆಳೆ ಚೆನ್ನಾಗಿ ಪೆಟ್ಟು ತಿಂದಿತು. ಬೆಳೆ ಕೈಕೊಟ್ಟ ವರ್ಷ ಸುಡಲು ಸಿಪ್ಪೆಯೂ ಕಡಿಮೆ. ಅಂಥ ಇಳಿತಕ್ಕೆ ಹಸಿರು ಬಾಣ ಹಾಕಿ 'ಸುಧಾರಣೆ' ಅಂತ ಬರೆದರೆ ಬರಗಾಲಕ್ಕೆ ಬಹುಮಾನ ಕೊಟ್ಟ ಹಾಗಾಯಿತು.

ಜರ್ಮನಿಯಲ್ಲೂ ಅಷ್ಟೇ. 1990ರ ಅಕ್ಟೋಬರ್ 3ಕ್ಕೆ ಎರಡು ಜರ್ಮನಿಗಳು ಒಂದಾದವು. ಪೂರ್ವ ಭಾಗದ ಕಾರ್ಖಾನೆಗಳು ಲಿಗ್ನೈಟ್ ಮೇಲೆ, ಅಂದರೆ ಕಂದು ಕಲ್ಲಿದ್ದಲ ಮೇಲೆ ನಿಂತಿದ್ದವು. ಮಾರುಕಟ್ಟೆಗೆ ತೆರೆದುಕೊಂಡ ಒಂದೆರಡು ವರ್ಷದಲ್ಲೇ ಬಹಳಷ್ಟು ಮುಚ್ಚಿದವು, ಉಳಿದವು ಗ್ಯಾಸಿಗೆ ಹೊರಳಿದವು. ಹವಾಮಾನ ಮಾತುಕತೆಯಲ್ಲಿ 1990 ಮೂಲ ವರ್ಷ ಆಗಿರುವುದರಿಂದ ಈ ಇಳಿತ ಪೂರ್ತಿ ಲೆಕ್ಕಕ್ಕೆ ಸಿಕ್ಕಿತು. ಸೇವೆಯಲ್ಲಿ '1990ರಿಂದ ಶೇಕಡಾ ಬದಲಾವಣೆ' ಅಂತ ಒಂದು ಆಯ್ಕೆ ಇದೆ. ಅದನ್ನು ಒತ್ತುವ ಮೊದಲು ಇದು ನೆನಪಿರಲಿ. ಒಂದು ದೇಶಕ್ಕೆ 1990 ಅಂದರೆ ಹಳೆಯ ಕಾರ್ಖಾನೆಗಳ ಕೊನೆಯ ವರ್ಷ, ಇನ್ನೊಂದಕ್ಕೆ ಅದು ಸುಮ್ನೆ ಒಂದು ವರ್ಷ. ನಾನು ಶೇಕಡಾ ಆಯ್ಕೆ ಬಿಟ್ಟು ಟನ್ನಿನ ಆಯ್ಕೆಯಲ್ಲೇ ನೋಡುತ್ತೇನೆ. ಇನ್ನು 2009ರ ಕುಸಿತ ಆರ್ಥಿಕ ಬಿಕ್ಕಟ್ಟಿನದು. 2022ರಲ್ಲಿ ರಷ್ಯಾದ ಗ್ಯಾಸ್ ನಿಂತ ಮೇಲೆ ಜರ್ಮನ್ ಉದ್ಯಮಗಳು ಗ್ಯಾಸ್ ಬಳಕೆ ಚೆನ್ನಾಗಿ ಇಳಿಸಿದವು, ಆದರೆ ಗ್ಯಾಸಿನ ಗುಣಾಂಕ 1 ಆದ್ದರಿಂದ ಅಷ್ಟು ದೊಡ್ಡ ಘಟನೆಯೂ ಈ ಗೆರೆಯಲ್ಲಿ ಹೆಚ್ಚೇನೂ ಅಲುಗಾಟ ಮಾಡಲಾರದು. ಡೈಆಕ್ಸೈಡಿನ ಗೆರೆಯಲ್ಲಾದರೆ ಅದೇ ಘಟನೆ ಎದ್ದು ಕಾಣುತ್ತದೆ.

ಅಂದ ಹಾಗೆ, ಜರ್ಮನಿಯ ಕೊನೆಯ ಗಟ್ಟಿ ಕಲ್ಲಿದ್ದಲು ಗಣಿ 2018ರ ಡಿಸೆಂಬರಿನಲ್ಲಿ ಬೊಟ್ರೋಪ್‌ನಲ್ಲಿ ಮುಚ್ಚಿತು. ಗಣಿಯೊಳಗಿಂದ ಬರುವ ಮೀಥೇನ್ ದೊಡ್ಡ ಸಂಗತಿ, ಆದರೆ ಅದು ಇಲ್ಲಿ ಹುಡುಕಿದರೆ ಸಿಗುವುದಿಲ್ಲ. ಸುಡುವಾಗ ಬಂದದ್ದು ಮಾತ್ರ ಇಲ್ಲಿ.

ಗ್ಯಾಸಿಗೆ 1 ಅಂದೆನಲ್ಲ, ಅದರಲ್ಲೂ ಒಂದು ಕೊಕ್ಕೆ ಇದೆ, ನನಗೆ ಇಡೀ ವಿಷಯದಲ್ಲಿ ಅತಿ ಆಸಕ್ತಿ ಹುಟ್ಟಿಸಿದ್ದು ಇದೇ. ಆ 1 ಬಾಯ್ಲರು, ಕುಲುಮೆಗಳ ಗುಣಾಂಕ. ಈಗ ಎಷ್ಟೋ ಕಾರ್ಖಾನೆಗಳು ಗ್ಯಾಸ್ ಎಂಜಿನ್ ಇಟ್ಟುಕೊಂಡು ಕರೆಂಟು, ಶಾಖ ಎರಡನ್ನೂ ತೆಗೆಯುತ್ತವೆ. ಪಿಸ್ಟನ್ ಎಂಜಿನ್ನಿನೊಳಗೆ ಸಿಲಿಂಡರಿನ ಅಂಚು, ಸಂದುಗಳಲ್ಲಿ ಸ್ವಲ್ಪ ಗ್ಯಾಸ್ ಸುಡದೆ ಉಳಿದು ಹೊಗೆ ಕೊಳವೆಯಿಂದ ಹಾಗೇ ಆಚೆ ಹೋಗುತ್ತದೆ. ಇದನ್ನು ಮೀಥೇನ್ ಸ್ಲಿಪ್ ಅನ್ನುತ್ತಾರೆ. ಅದೇ ಐಪಿಸಿಸಿ ಸಂಪುಟದಲ್ಲಿ ಯಂತ್ರವಾರು ಇನ್ನೊಂದು ಕೋಷ್ಟಕ ಇದೆ. ಅದರಲ್ಲಿ ಗಾಳಿ ಹೆಚ್ಚು ಗ್ಯಾಸ್ ಕಡಿಮೆ ಮಿಶ್ರಣದಲ್ಲಿ ಓಡುವ ನಾಲ್ಕು ಸ್ಟ್ರೋಕ್ ಎಂಜಿನ್ನಿಗೆ ಟೆರಾಜೂಲಿಗೆ 597 ಕಿಲೋ. ಒಂದಲ್ಲ, 597. ದೇಶದ ಕಾರ್ಖಾನೆಗಳ ಗ್ಯಾಸಿನಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಇಂಥ ಎಂಜಿನ್ನಿಗೆ ಹೋದರೂ ಗ್ಯಾಸಿನಿಂದ ಬರುವ ಮೀಥೇನ್ ಸುಮಾರು ಏಳು ಪಟ್ಟಾಗುತ್ತದೆ. ಒಂದು ದೇಶ ಪ್ರಾಮಾಣಿಕವಾಗಿ ಎಂಜಿನ್ನುಗಳನ್ನು ಬೇರೆ ಎಣಿಸಿ ವರದಿ ಕೊಟ್ಟಿತು, ಇನ್ನೊಂದು ಎಲ್ಲದಕ್ಕೂ 1 ಹಾಕಿತು ಅಂದರೆ, ಪ್ರಾಮಾಣಿಕ ದೇಶದ ಗೆರೆ ಮೇಲೆ ಹೋಗುತ್ತದೆ. ಪಕ್ಕದಲ್ಲಿ ಕೆಂಪು ಬಾಣ! ಎಲ್ಲಕ್ಕೂ ಒಂದೇ ವಿಧಾನ ಬಳಸುವ ಕೋಶಗಳಲ್ಲಿ ಇಂಥ ಅನ್ಯಾಯ ಕಡಿಮೆ. ದೇಶಗಳ ಸ್ವಂತ ವರದಿಗಳನ್ನು ಪಕ್ಕಪಕ್ಕ ಇಟ್ಟಾಗ ಜಾಸ್ತಿ.

ಗಡಿ ರೇಖೆಗಳ ಸಮಸ್ಯೆಯೂ ಇದೆ, 'ಕೈಗಾರಿಕೆ' ಅಂದರೆ ಏನು ಎಂಬುದೇ. ಕಾರ್ಖಾನೆ ತನಗಾಗಿ ಮಾಡಿಕೊಳ್ಳುವ ಕರೆಂಟಿಗೆ ಸುಟ್ಟ ಇಂಧನವನ್ನು ಆ ಕಾರ್ಖಾನೆಯ ವಲಯಕ್ಕೇ ಸೇರಿಸಬೇಕು ಅಂತ ಐಪಿಸಿಸಿ ಹೇಳುತ್ತದೆ. ಇಡ್ಗರ್ ವರದಿಗಳ ವಿವರಣೆಯಲ್ಲಿ ಸ್ವಂತಕ್ಕೆ ಕರೆಂಟು ಮಾಡಿಕೊಳ್ಳುವವರು ವಿದ್ಯುತ್ ವಲಯದಲ್ಲಿ ಬರುತ್ತಾರೆ. ಹಾಗಾಗಿ ಒಂದೇ ದೇಶದ ಒಂದೇ ಸಾಲು ಎರಡು ಕಡೆ ಬೇರೆ ಬೇರೆ ಎತ್ತರದಲ್ಲಿ ಕಾಣಿಸಿದರೆ ಗಾಬರಿ ಬೇಡ. ಊದುಕುಲುಮೆಯಲ್ಲಿ ಅದಿರಿನಿಂದ ಕಬ್ಬಿಣ ಬಿಡಿಸಲು ಹಾಕುವ ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ), ಇದ್ದಿಲು 2006ರ ನಿಯಮದಲ್ಲಿ 'ಕೈಗಾರಿಕಾ ಪ್ರಕ್ರಿಯೆ' ಎಂಬ ಬೇರೆ ಖಾತೆಗೆ ಹೋಗಬೇಕು, ಹಾಗಾಗಿ ಮೇಲೆ ಹೇಳಿದ ಬೀಡುಕಬ್ಬಿಣದ ಇದ್ದಿಲು ಈ ಸಾಲಿನಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಲೆಕ್ಕ ಹಾಕುವವರು ಈ ನಿಯಮವನ್ನು ಎಷ್ಟು ಪಾಲಿಸಿದ್ದಾರೆ ಎಂಬುದರ ಮೇಲಿದೆ. ಮರವನ್ನು ಇದ್ದಿಲು ಮಾಡುವ ಗೂಡಿನ ಹೊಗೆಯೂ ಈ ಸಾಲಿನದ್ದಲ್ಲ, ಮೀಥೇನ್ ದಂಡಿಯಾಗಿ ಬರುವುದು ಅಲ್ಲೇ ಆದರೂ. ಬ್ರೆಜಿಲಿನ ರಾಷ್ಟ್ರೀಯ ಇಂಧನ ಲೆಕ್ಕಪತ್ರದಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಸಕ್ಕರೆ ಮಾಡಲು ಸುಟ್ಟ ಸಿಪ್ಪೆ ಆಹಾರ ಉದ್ಯಮದ ಖಾತೆಗೆ, ಎಥನಾಲ್ ಮಾಡಲು ಸುಟ್ಟ ಸಿಪ್ಪೆ ಇಂಧನ ವಲಯದ ಖಾತೆಗೆ. ಕಾರ್ಖಾನೆ ಅದೇ, ಬಾಯ್ಲರ್ ಅದೇ, ಚಿಮಣಿ ಅದೇ. ಸಕ್ಕರೆ ಬೆಲೆ ಏರಿದ ವರ್ಷ ಮಾಲೀಕರು ಸಕ್ಕರೆ ಕಡೆ ವಾಲಿದರೆ 'ಉದ್ಯಮದ' ಸುಡುವಿಕೆ ಏರುತ್ತದೆ. ಚಿಮಣಿಗೆ ಅದೇನೂ ಗೊತ್ತಿಲ್ಲ.

ನಾನು ಬಳಸುವ ಸೇವೆ ಇದ್ಯಾವುದನ್ನೂ ಹೇಳುವುದಿಲ್ಲ. ವ್ಯಾಖ್ಯಾನ ಅಂತ ಒಂದು ಸಣ್ಣ 'ಐ' ಗುರುತು ಇದೆ, ಒತ್ತಿದರೆ ಎರಡು ಸಾಲು. ಮೊಬೈಲಿನಲ್ಲಿ ಅದು ತೆರೆಯುವುದೂ ಇಲ್ಲ.

ಅಳತೆಯ ಮಾನದ ಬಗ್ಗೆ ಎರಡು ಮಾತು. ಗ್ರಾಫಿನ ಎಡ ಪಕ್ಕ 'ದಶಲಕ್ಷ ಟನ್ ಸಿಒ2 ಸಮಾನ' ಅಂತ ಇರುತ್ತದೆ. ಅಂದರೆ ಮೀಥೇನ್ ಟನ್ನನ್ನು ಒಂದು ಸಂಖ್ಯೆಯಿಂದ ಗುಣಿಸಿದ್ದಾರೆ. ಯಾವ ಸಂಖ್ಯೆ? ಕ್ಯೋಟೋ ಒಪ್ಪಂದದ ಮೊದಲ ಅವಧಿಯಲ್ಲಿ 21 ಇತ್ತು. ಆಮೇಲೆ 25 ಆಯಿತು. ಪ್ಯಾರಿಸ್ ಒಪ್ಪಂದದ ವರದಿಗಳಿಗೆ 28, ವಿಶ್ವ ಬ್ಯಾಂಕ್ ಸಾಲಿನಲ್ಲೂ 28. ಐಪಿಸಿಸಿಯ ಆರನೇ ವರದಿ ಪಳೆಯುಳಿಕೆ ಮೀಥೇನಿಗೆ 29.8, ಜೈವಿಕ ಮೂಲದ್ದಕ್ಕೆ 27 ಅನ್ನುತ್ತದೆ. ಇವೆಲ್ಲ ನೂರು ವರ್ಷದ ಲೆಕ್ಕ. ಮೀಥೇನ್ ಗಾಳಿಯಲ್ಲಿ ಉಳಿಯುವುದೇ ಸುಮಾರು ಹನ್ನೆರಡು ವರ್ಷ, ಹಾಗಾಗಿ ಇಪ್ಪತ್ತು ವರ್ಷದ ಲೆಕ್ಕ ಹಾಕಿದರೆ ಅದೇ ಟನ್ನಿಗೆ 80ರ ಆಸುಪಾಸು. ಹಳೆಯ ವರದಿಯೊಂದರ 21ರ ಅಂಕಿಯನ್ನೂ ಈಗಿನ 28ರ ಅಂಕಿಯನ್ನೂ ಒಟ್ಟಿಗೆ ಹಾಕಿದರೆ ಒಂದು ಕಿಲೋ ಹೆಚ್ಚು ಬಿಡದಿದ್ದರೂ ಗೆರೆ ಮೂರನೇ ಒಂದು ಪಾಲು ಮೇಲೇರುತ್ತದೆ. ಒಂದೇ ಸೇವೆಯೊಳಗೆ ಈ ಅಪಾಯ ಇಲ್ಲ, ಎರಡೂ ದೇಶಗಳಿಗೆ ಒಂದೇ ಸಂಖ್ಯೆ. ಬೇರೆ ಬೇರೆ ಕಡೆಯ ಸ್ಕ್ರೀನ್‌ಶಾಟ್ ಅಂಟಿಸಿ ವಾದ ಮಾಡುವವರಿಗೆ ಇದು ಹೇಳಬೇಕು.

ಅನಿಶ್ಚಿತತೆಯನ್ನು ಮುಚ್ಚಿಡುವುದು ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವ ಸಂಗತಿ. ಸೌದೆಗೆ 30 ಅಂದೆ. ಅದೇ ಕೋಷ್ಟಕದಲ್ಲಿ ಪಕ್ಕದ ಎರಡು ಕಾಲಮ್ ನೋಡಿದರೆ 10ರಿಂದ 100ರವರೆಗೆ ಅಂತ ಇದೆ. ಕಲ್ಲಿದ್ದಲಿಗೆ 3ರಿಂದ 30. ಇದ್ದಿಲಿಗೆ 70ರಿಂದ 600. ಅಂದರೆ ಕೆಟ್ಟ ಕಲ್ಲಿದ್ದಲು ಬಾಯ್ಲರು ಒಳ್ಳೆಯ ಸೌದೆ ಬಾಯ್ಲರಿಗಿಂತ ಹೆಚ್ಚು ಮೀಥೇನ್ ಬಿಡಬಹುದು, ಕೋಷ್ಟಕವೇ ಅದನ್ನು ಒಪ್ಪುತ್ತದೆ. ಈ ರೀತಿಯ ಸುಡುವಿಕೆಯ ಮೀಥೇನ್ ಗುಣಾಂಕಗಳಲ್ಲಿ ಶೇ. 50ರಿಂದ 150ರವರೆಗೆ ಅನಿಶ್ಚಿತತೆ ಇದೆ ಅಂತ ಮಾರ್ಗಸೂಚಿ ಸ್ಪಷ್ಟವಾಗಿ ಬರೆದಿದೆ. ಸೇವೆಯಲ್ಲಿ ಏನು ಕಾಣುತ್ತದೆ? ದಶಮಾಂಶದ ನಂತರ ನಾಲ್ಕು ಅಂಕಿ. ಕೂದಲೆಳೆಯಷ್ಟು ತೆಳುವಾದ ಗೆರೆ. ಎರಡು ದೇಶಗಳ ನಡುವೆ ಒಂದೂಕಾಲು ಪಟ್ಟು ವ್ಯತ್ಯಾಸ ಬಂದರೂ 'ಹೆಚ್ಚು' ಅಂತ ತೀರ್ಪು. ಇಷ್ಟು ಅನಿಶ್ಚಿತತೆಯಲ್ಲಿ ಒಂದೂಕಾಲು ಪಟ್ಟು ಅನ್ನುವುದು ಏನೂ ಅಲ್ಲ.

ಉಪಗ್ರಹದಿಂದ ಅಳೆಯಬಹುದಲ್ಲ ಅಂತ ಕೇಳುವವರಿದ್ದಾರೆ. 2017ರಲ್ಲಿ ಹಾರಿದ ಸೆಂಟಿನೆಲ್-5ಪಿ ಉಪಗ್ರಹದ ಟ್ರೋಪೋಮಿ ಉಪಕರಣ ದೊಡ್ಡ ದೊಡ್ಡ ಮೀಥೇನ್ ಮೋಡಗಳನ್ನು ಹಿಡಿದಿದೆ, ತೈಲ ಬಾವಿ, ಗಣಿ, ಕಸದ ಗುಡ್ಡೆಗಳ ಮೇಲೆ. ಬಾಯ್ಲರ್ ಚಿಮಣಿಯಿಂದ ಬರುವ ಸಣ್ಣ ಪ್ರಮಾಣ ಅದರ ಕಣ್ಣಿಗೆ ಬೀಳುವಂಥದ್ದಲ್ಲ. ಹೀಗಾಗಿ ಈ ಸಾಲು ಸದ್ಯಕ್ಕೆ ಕಾಗದದ ಲೆಕ್ಕವಾಗಿಯೇ ಇರುತ್ತದೆ.

ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ಮನುಷ್ಯರಿಂದ ಬರುವ ಮೀಥೇನಿನಲ್ಲಿ ಸುಮಾರು ಶೇ. 40 ಕೃಷಿಯದು, ಶೇ. 35ರಷ್ಟು ಪಳೆಯುಳಿಕೆ ಇಂಧನ ವಲಯದ್ದು, ಶೇ. 20 ಕಸ ಮತ್ತು ಕೊಳಚೆ ನೀರಿನದು, 2021ರ ವಿಶ್ವಸಂಸ್ಥೆ ಪರಿಸರ ಕಾರ್ಯಕ್ರಮದ ವರದಿ ಪ್ರಕಾರ. ಪಳೆಯುಳಿಕೆ ಇಂಧನದ ಆ ಪಾಲಿನಲ್ಲೂ ಹೆಚ್ಚಿನದು ಗಣಿ, ಬಾವಿ, ಪೈಪುಗಳ ಸೋರಿಕೆ. ಕಾರ್ಖಾನೆ ಬಾಯ್ಲರುಗಳದ್ದು ತೀರಾ ಸಣ್ಣ ಪಾಲು. ಒಂದು ದೇಶದ ಮೀಥೇನ್ ನೀತಿ ಅಳೆಯಲು ಈ ಸಾಲು ಆರಿಸಿದರೆ ತಪ್ಪು ಬಾಗಿಲು ತಟ್ಟಿದ ಹಾಗೆ. ಆದರೆ ಒಂದು ದೇಶದ ಕಾರ್ಖಾನೆಗಳು ಐವತ್ತು ವರ್ಷದಲ್ಲಿ ಯಾವ ಇಂಧನದಿಂದ ಯಾವ ಇಂಧನಕ್ಕೆ ಹೋದವು ಎಂಬುದನ್ನು ನೋಡಲು ಇದು ಸೊಗಸಾದ ಸಾಲು. ಗುಣಾಂಕಗಳು 1, 3, 10, 30, 200 ಅಂತ ದೂರ ದೂರ ಇರುವುದರಿಂದಲೇ ಇಂಧನ ಬದಲಾದರೆ ಗೆರೆ ಜೋರಾಗಿ ಅಲುಗುತ್ತದೆ. ಪತ್ರಕರ್ತರು, ವಿದ್ಯಾರ್ಥಿಗಳು ಬಳಸಬೇಕು ಅಂತಲೇ ಹೇಳುತ್ತೇನೆ. ಒಂದು ದೇಶವನ್ನು ಅದರದೇ ಹಿಂದಿನ ವರ್ಷಗಳ ಜೊತೆ ಹೋಲಿಸಿ, ಏರಿಳಿತ ಕಂಡಲ್ಲಿ ಆ ವರ್ಷದ ಇಂಧನ ಲೆಕ್ಕ ತೆರೆಯಿರಿ. ಬ್ರೆಜಿಲಿಗೆ ಅಲ್ಲಿನ ಸರ್ಕಾರಿ ಇಂಧನ ಸಂಶೋಧನಾ ಸಂಸ್ಥೆ ಇಪಿಇ ಪ್ರತಿ ವರ್ಷ ಪ್ರಕಟಿಸುವ ಲೆಕ್ಕಪತ್ರ ಇದೆ, ಜರ್ಮನಿಗೆ ಅಲ್ಲಿನ ಪರಿಸರ ಸಂಸ್ಥೆ ಉಮ್‌ವೆಲ್ಟ್‌ಬುಂಡೆಸ್‌ಆಮ್ಟ್ ತಯಾರಿಸುವ ವಾರ್ಷಿಕ ವರದಿ ಇದೆ, ಎರಡೂ ಉಚಿತ.

ಸೇವೆಯ ಸಣ್ಣಪುಟ್ಟ ವಿಷಯಗಳು. ಪುಟ ಬೇಗ ತೆರೆಯುತ್ತದೆ, ಜಾಹೀರಾತು ಸಹಿಸುವಷ್ಟಿದೆ. ಎರಡು ದೇಶಗಳ ಗಾತ್ರ ತೀರಾ ಬೇರೆ ಇದ್ದರೆ ಸಣ್ಣ ದೇಶದ ಗೆರೆ ನೆಲಕ್ಕೆ ಅಂಟಿಕೊಂಡು ಕೂರುತ್ತದೆ, ಆಗ ಲಾಗ್ ಮಾಪಕ (1, 10, 100 ಅಂತ ಹತ್ತು ಪಟ್ಟಾಗಿ ಏರುವ ಅಳತೆ) ಬೇಕು, ಅದು ಇಲ್ಲ. ತಲಾ ಲೆಕ್ಕ ಇದೆ, ಆದರೆ ಕಾರ್ಖಾನೆ ಇಂಧನಕ್ಕೆ ತಲಾ ಲೆಕ್ಕ ಹೆಚ್ಚೇನೂ ಹೇಳುವುದಿಲ್ಲ, ಸುಟ್ಟ ಶಕ್ತಿಯ ಘಟಕಕ್ಕೆ ಎಷ್ಟು ಮೀಥೇನ್ ಅಂತ ಕೊಟ್ಟಿದ್ದರೆ ಇಂಧನ ಮಿಶ್ರಣ ತಟ್ಟನೆ ಕಾಣುತ್ತಿತ್ತು. ಇಡ್ಗರ್ ಹೊಸ ಆವೃತ್ತಿ ಬಂದಾಗಲೆಲ್ಲ ಹಿಂದಿನ ವರ್ಷಗಳ ಅಂಕಿಗಳೂ ಮರುಲೆಕ್ಕವಾಗುತ್ತವೆ, ಹಾಗಾಗಿ ಯಾವ ಆವೃತ್ತಿ ಎಂಬುದು ಗ್ರಾಫಿನ ಮೇಲೇ ಬರೆದಿರಬೇಕು. ಇಲ್ಲಿ ಬರೆದಿಲ್ಲ. ಕೊನೆಯ ಒಂದೆರಡು ವರ್ಷದ ಅಂಕಿ ಪೂರ್ಣ ಇಂಧನ ಲೆಕ್ಕ ಬರುವ ಮೊದಲೇ ಅಂದಾಜಿನಿಂದ ಹಾಕಿದ್ದು, ಅದನ್ನು ಚುಕ್ಕೆ ಗೆರೆಯಲ್ಲಿ ತೋರಿಸುವುದು ಏನು ಕಷ್ಟ? ಗೆರೆಯ ತುದಿ ಹಿಡಿದುಕೊಂಡೇ ಅಲ್ಲವೇ ಎಲ್ಲರೂ 'ಈಚೆಗೆ ಏರುತ್ತಿದೆ' ಅಂತ ಬರೆಯುವುದು.

ಡೌನ್‌ಲೋಡ್ ಗುಂಡಿ ಇದೆ, ಕಡತವೂ ಚೊಕ್ಕವಾಗಿ ಬರುತ್ತದೆ, ಆದರೆ ಬರುವುದು ಮೂರೇ ಕಾಲಮ್: ದೇಶ, ವರ್ಷ, ಮೊತ್ತ. ಮೂಲ ಇಡ್ಗರ್ ಹಾಳೆಯಲ್ಲಿ ಪಳೆಯುಳಿಕೆ ಎಷ್ಟು, ಜೈವಿಕ ಎಷ್ಟು ಅಂತ ಬೇರೆ ಬೇರೆ ಸಾಲುಗಳಿವೆ. ಈ ಸೇವೆ ಅದನ್ನು ಕೂಡಿಸಿ ಒಂದು ಮಾಡಿಬಿಟ್ಟಿದೆ. ಆ ಒಂದು ಭಾಗ ವಾಪಸ್ ತಂದು ಪ್ರತಿ ಗೆರೆಯನ್ನು ಎರಡು ಬಣ್ಣದಲ್ಲಿ ತೋರಿಸಿದರೆ ಬ್ರೆಜಿಲ್ ಯಾಕೆ ಮೇಲಿದೆ ಅಂತ ಯಾರೂ ವಿವರಿಸಬೇಕಾಗಿಲ್ಲ, ನಾನೂ ನಾಲ್ಕು ಸ್ಟಾರ್ ಕೊಡುತ್ತೇನೆ. ಅಲ್ಲಿಯವರೆಗೆ ಜೋಡಿ ಆರಿಸಲು ಮಾತ್ರ ಇದನ್ನು ಬಳಸಿ, ಲೆಕ್ಕಕ್ಕೆ ಆ ಮಂಜು ಹಿಡಿಸುವ ಎಕ್ಸೆಲ್ ಹಾಳೆಯನ್ನೇ ಇಳಿಸಿಕೊಳ್ಳುವುದು ಮೇಲು.